ಯಾರದ್ದೂ ಅಲ್ಲದ ಮೂವತ್ತು ಗಜ

ನಾನು ಹೋಗಿಬಂದ ಯುದ್ಧದಲ್ಲಿ ನನ್ನ ಕೈಯಿಂದ ಒಂದು ಗುಂಡೂ ಹಾರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಳೆದ ಸಲ ಬೊರಿವಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ಧ್ವಜ ಏರಿಸಿದ ಮೇಲೆ ಸೊಸೈಟಿಯವರು "ಅಂಕಲ್, ವಾರ್ ಕೇ ಬಾರೇ ಮೇ ದೋ ಶಬ್ದ್" ಎಂದು ಮೈಕು ಕೈಗೆ ಕೊಟ್ಟಾಗ, ಈ ಮಾತು ಹೇಳದೆ ಶುರುಮಾಡಿ ಕೆಟ್ಟೆ. ಇಪ್ಪತ್ತು ನಿಮಿಷ ಮರಳು, ನೀರು, ಹಗ್ಗ, ಲಂಗರು ಎಂದು ಕೊರೆದ ಮೇಲೆ, ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಮೊಮ್ಮಗಳೇ ಎದ್ದು "ಅಜ್ಜಾ, ಫೈರಿಂಗ್ ಕಬ್ ಆಯೇಗಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕು, ಮೈಕು ವಾಪಸು ಕೊಟ್ಟು, ಸಮೋಸ ತಿಂದು ಮನೆಗೆ ಬಂದೆ. ಓದುವವರಿಗೆ ಈಗಲೇ ತಿಳಿದಿರಲಿ: ಫೈರಿಂಗ್ ಬರುವುದಿಲ್ಲ. ಮರಳು ಬರುತ್ತದೆ.

ಯಾವ ಹಡಗು, ಯಾವ ತೀರ ಎಂದು ಹೆಸರು ಹೇಳುವುದಿಲ್ಲ. ಈಗ ಹೇಳಿದರೆ ಯಾರ ಗಂಟೂ ಹೋಗುವುದಿಲ್ಲ, ಆದರೆ ಬಾಯಿ ಮುಚ್ಚಿಕೊಂಡಿರುವುದು ನಮ್ಮ ಕಾಲದವರಿಗೆ ಅಭ್ಯಾಸವಾಗಿಹೋಗಿದೆ.

ನಮ್ಮದು ದಡ ಹತ್ತುವ ಹಡಗು. ಬೇರೆ ಹಡಗಿಗೆ ನೆಲ ತಾಗಿತೆಂದರೆ ಅಪಘಾತ, ವಿಚಾರಣೆ, ಕಪ್ತಾನನ ನೌಕರಿಗೆ ಕುತ್ತು. ನಮ್ಮದಕ್ಕೆ ನೆಲ ತಾಗುವುದೇ ಕೆಲಸ. ಅಡಿ ಚಪ್ಪಟೆ, ಮೂತಿಯಲ್ಲಿ ಎರಡು ಬಾಗಿಲು, ಅದರ ಹಿಂದೆ ಎತ್ತಿ ಕಟ್ಟಿದ ಕಬ್ಬಿಣದ ರ‍್ಯಾಂಪ್. ತೀರ ನಾನೂರು ಗಜ ಇರುವಾಗಲೇ ಹಡಗಿನ ಹಿಂಬದಿಯಿಂದ ಒಂದು ಲಂಗರು ಬಿಡುತ್ತೇವೆ. ಅದರ ಉಕ್ಕಿನ ಹಗ್ಗ ಬಿಚ್ಚಿಕೊಳ್ಳುತ್ತಿದ್ದ ಹಾಗೆ ಹಡಗು ನಿಧಾನವಾಗಿ ಮುಂದೆ ಹೋಗಿ ಮರಳಿಗೆ ಮೂತಿ ಊರುತ್ತದೆ. ಬಾಗಿಲು ತೆರೆದು, ರ‍್ಯಾಂಪ್ ಹಾಕಿ, ಸೈನಿಕರನ್ನು ಇಳಿಸಿ, ಆಮೇಲೆ ಆ ಹಗ್ಗವನ್ನೇ ವಿಂಚ್‌ನಿಂದ ಸುತ್ತಿಕೊಳ್ಳುತ್ತ ಹಡಗು ತನ್ನನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳಬೇಕು.

ಕಪ್ತಾನರ ನಂತರದ ಅಧಿಕಾರಿ ನಾನು, ವಯಸ್ಸು ಇಪ್ಪತ್ತಾರು. ದಡ ಹತ್ತುವಾಗ ನನ್ನ ಜಾಗ ಮೂತಿಯಲ್ಲಿ. ಕೈಯಲ್ಲಿ ಕಪ್ತಾನರ ಜೊತೆ ಮಾತಾಡುವ ಫೋನು, ಕೊರಳಲ್ಲಿ ಸೀಟಿ. ರ‍್ಯಾಂಪ್ ಇಳಿದ ಕೂಡಲೇ ನನ್ನ ನಾವಿಕನೊಬ್ಬ ಅಳತೆಯ ಗಳ ಹಿಡಿದು ಅದರ ತುದಿಯಲ್ಲಿ ನೀರಿಗಿಳಿಯುತ್ತಾನೆ. ನಾಲ್ಕಡಿಗಿಂತ ಕಡಿಮೆ ಎಂದು ಅವನು ಕೂಗಿದರೆ ನಾನು ಸೀಟಿ ಊದಬೇಕು. ಸೀಟಿ ಕೇಳಿದ್ದೇ ಸೈನಿಕರು ಇಳಿಯಬೇಕು.

ಆ ಸಲ ನಮಗೆ ಒಪ್ಪಿಸಿದ್ದು ನೂರಹದಿನೆಂಟು ಜನರನ್ನು. ಹೆಚ್ಚಿನವರು ಬೆಳಗಾವಿ, ಧಾರವಾಡ, ವಿಜಾಪುರ ಕಡೆಯವರು. ಅವರನ್ನು ನಡೆಸುತ್ತಿದ್ದ ಸುಬೇದಾರರು ನನಗಿಂತ ಹದಿನೈದು ವರ್ಷ ದೊಡ್ಡವರು, ಮೀಸೆಯಲ್ಲಂತೂ ಇನ್ನೂ ದೊಡ್ಡವರು. ಹಡಗಿಗೆ ಹತ್ತಿದ ದಿನವೇ ನಾನು ಕನ್ನಡದವನೆಂದು ಗೊತ್ತಾಗಿ ಸಲುಗೆಯಾಯಿತು.

"ನಿಮ್ಮ ಮಾತು ಪುಸ್ತಕ ಓದಿದಂಗ ಐತಿ ಬಿಡ್ರಿ ಸಾಹೇಬ್ರ," ಎಂದರು.

"ನಮ್ಮ ಉಡುಪಿ ಕಡೆ ಹೀಗೇ ಮಾರಾಯ್ರೆ. ನಿಮ್ಮವರಿಗೆ ಈಜು ಬರ್ತದಾ?"

"ಕೆರಿ ಗೊತ್ತೈತಿ, ಬಾವಿ ಗೊತ್ತೈತಿ. ಇಷ್ಟು ನೀರು ಒಂದೇ ಕಡೆ ಇರೂದು ಇವತ್ತಽ ನೋಡಾಕತ್ತಾರ."

ಮುಂಬಯಿಯ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದ ದಿನಗಳವು. ಲೋಕಲ್ ಗಾಡಿಗಳೂ ದೀಪ ಮುಚ್ಚಿಕೊಂಡು ಓಡುತ್ತಿದ್ದವು. ಹೊರಡುವ ಮೊದಲು ಒಂದೇ ಒಂದು ಅಭ್ಯಾಸಕ್ಕೆ ಸಮಯ ಕೊಟ್ಟರು. ಅದು ಮುಂಬಯಿ ಪಕ್ಕದ ಮನೋರಿಯ ಮರಳಿನಲ್ಲಿ, ಬೆಳಗಿನ ಎಂಟು ಗಂಟೆಗೆ.

ಎಲ್ಲ ಪುಸ್ತಕದ ಪ್ರಕಾರವೇ ನಡೆಯಿತು. ಲಂಗರು ಬಿತ್ತು, ಮೂತಿ ಊರಿತು, ರ‍್ಯಾಂಪ್ ಇಳಿಯಿತು. ಗಳದವನು ಇಳಿದು "ಮೂರಡಿ!" ಎಂದು ಕೂಗಿದ. ನಾನು ಖುಷಿಯಿಂದ ಸೀಟಿ ಊದಿದೆ. ಸೈನಿಕರು ಬೆನ್ನಿಗೆ ಮೂಟೆ, ತಲೆಯ ಮೇಲೆ ಬಂದೂಕು ಎತ್ತಿಕೊಂಡು ಸಾಲಾಗಿ ಇಳಿದರು. ನೀರು ತೊಡೆಯಿಂದ ಮೊಣಕಾಲಿಗೆ ಇಳಿಯಿತು. ಅವರು ನಗತೊಡಗಿದರು, ಸಮುದ್ರ ಅಂದರೆ ಇಷ್ಟೇನಾ ಎನ್ನುವ ಹಾಗೆ. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಮುಂದಿದ್ದ ಆರಡಿ ಆಳು ಮಾಯವಾದ. ಟೋಪಿ ಮಾತ್ರ ತೇಲುತ್ತಿತ್ತು. ಅವನ ಹಿಂದಿನವನು ನಿಲ್ಲಲಿಲ್ಲ, ಅವನೂ ಮಾಯವಾದ. ಮೂರನೆಯವನೂ ಹೋದ. ನಾಲ್ಕನೆಯವನು ನಿಂತದ್ದು, ಹಿಂದಿನಿಂದ ಸುಬೇದಾರರು ಗಂಟಲು ಹರಿಯುವಂತೆ "ಥಮ್!" ಎಂದು ನಿಲ್ಲುವ ಹುಕುಂ ಕೂಗಿದ್ದರಿಂದ.

ದಡದಲ್ಲಿ ಬಲೆ ರಿಪೇರಿ ಮಾಡುತ್ತಿದ್ದ ಕೋಳಿ ಜನಾಂಗದ ಇಬ್ಬರು ಮೀನುಗಾರರು ನಾವು ಹಗ್ಗ ಹುಡುಕುವಷ್ಟರಲ್ಲಿ ಧುಮುಕಿ ಮೂವರನ್ನೂ ಎಳೆದು ಹಾಕಿದರು. ಮೂವರೂ ಬದುಕಿದರು, ಒಂದಿಷ್ಟು ಉಪ್ಪುನೀರು ಕುಡಿದದ್ದಷ್ಟೇ. ಆಮೇಲೆ ನಾನು ಮೂರನೆಯವನನ್ನು ಕೇಳಿದೆ, ಕಣ್ಣೆದುರೇ ಇಬ್ಬರು ಮುಳುಗಿದರಲ್ಲ, ನೀನು ಯಾಕೆ ಹೋದೆ ಎಂದು. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಮುಂದಿನವ ಹೋದ್ನಲ್ರಿ ಸಾಹೇಬ್ರ, ಅದಕ್ಕ ನಾನೂ ಹೋದೆ."

ಮುಂದಿನವನ ಹಿಮ್ಮಡಿ ನೋಡಿ ನಡೆ, ನಿಲ್ಲು ಎನ್ನುವವರೆಗೆ ನಿಲ್ಲಬೇಡ. ಕಾಲಾಳಿಗೆ ಮೊದಲ ದಿನದಿಂದ ಕಲಿಸುವುದು ಅದನ್ನೇ.

ಮೀನು ಒಣಗಿಸುತ್ತಿದ್ದ ಒಬ್ಬ ಮುದುಕಿ ಕಚ್ಚೆ ಸೀರೆ ಎತ್ತಿ ಕಟ್ಟಿಕೊಂಡು ಬಂದು ನನಗೆ ಚೆನ್ನಾಗಿ ಮಂಗಳಾರತಿ ಮಾಡಿದಳು. "ಡೋಳೇ ಆಹೇತ್ ಕಾ?" ಕಣ್ಣಿದೆಯೇನೋ ನಿನಗೆ? ಆಮೇಲೆ ನನ್ನ ತೋಳು ಹಿಡಿದು ನೀರಿನತ್ತ ತಿರುಗಿಸಿ ತೋರಿಸಿದಳು. ಅಲೆ ದೂರದಲ್ಲಿ ಒಮ್ಮೆ ಬಿಳಿಯಾಗಿ ಒಡೆಯುತ್ತಿತ್ತು, ಆಮೇಲೆ ಸುಮ್ಮನಾಗುತ್ತಿತ್ತು, ದಡದ ಹತ್ತಿರ ಮತ್ತೊಮ್ಮೆ ಒಡೆಯುತ್ತಿತ್ತು. ಮೊದಲು ಒಡೆಯುವುದು ಮರಳಿನ ದಿಣ್ಣೆಯ ಮೇಲೆ. ನಡುವೆ ಎಲ್ಲಿ ನೀರು ನಿದ್ದೆ ಮಾಡುತ್ತದೋ ಅಲ್ಲಿ ಗುಂಡಿ. ನಮ್ಮ ಹಡಗು ದಿಣ್ಣೆಗೆ ಮೂತಿ ಊರಿ ಅದನ್ನೇ ದಡ ಎಂದುಕೊಂಡಿತ್ತು. "ನಮ್ಮ ದೋಣಿ ಎಲ್ಲಿ ಎಳೆದಿಟ್ಟಿದ್ದೇವೋ ನೋಡು, ದಿಣ್ಣೆ ತುಂಡಾಗಿರುವುದು ಅಲ್ಲಿ," ಎಂದು ಬೈಗುಳದ ನಡುವೆಯೇ ಸೇರಿಸಿದಳು. ಸಮುದ್ರದ ಮಗ್ಗುಲಲ್ಲೇ ಹುಟ್ಟಿ, ನೌಕಾಪಡೆಯಲ್ಲಿ ಐದು ವರ್ಷ ಕಳೆದು, ಇದನ್ನು ನಾನು ನೋಡಿಯೇ ಇರಲಿಲ್ಲ. ನಾಚಿಕೆಯಾಯಿತು.

ಸಂಜೆ ಡಾಕ್‌ಯಾರ್ಡ್‌ನಲ್ಲಿ ಸಭೆ. ಭೂಸೇನೆಯವರು, ನಿಮ್ಮ ಹಡಗು ದಡದವರೆಗೆ ಹೋಗಲೇ ಇಲ್ಲ ಎಂದರು. ನಮ್ಮವರು, ಗಳ ಮೂರಡಿ ತೋರಿಸಿದೆ, ಆಮೇಲಿನದು ನಿಮ್ಮದು ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎರಡು ಗಂಟೆ ಚಹಾ ಕುಡಿದ ಮೇಲೂ ತೀರ್ಮಾನವಾದದ್ದು "ಎಚ್ಚರ ವಹಿಸತಕ್ಕದ್ದು" ಎಂಬುದಷ್ಟೇ. ಆಗ ನನಗೆ ಹೊಳೆದದ್ದು ಇಷ್ಟು. ಹಡಗು ನೆಲಕ್ಕೆ ತಾಗಿದ ಕೂಡಲೇ ನಾವಿಕನ ಮನಸ್ಸಿನಲ್ಲಿ ಸಮುದ್ರ ಮುಗಿಯುತ್ತದೆ. ಸೈನಿಕನ ಕೆಲಸ ಶುರುವಾಗುವುದು ಒಣ ನೆಲದ ಮೇಲೆ. ನಡುವಿನ ಮೂವತ್ತು ಗಜ ಯಾರದ್ದೂ ಅಲ್ಲ. ಅಲ್ಲಿ ಯಾರಾದರೂ ಸತ್ತರೆ ಅದನ್ನು ಮಾಡಿದವನು ಶತ್ರುವಲ್ಲ, ನಾವು.

ಮಾರನೆಯ ದಿನ ಹೊರಟೆವು. ದಾರಿಯಲ್ಲಿ ಎರಡು ದಿನ ಸಿಕ್ಕಿತು. ಸುಬೇದಾರರನ್ನು ಕೂರಿಸಿಕೊಂಡು ಹೇಳಿದೆ: ನೀರಿಗಿಳಿಯುವಾಗ ಮೂಟೆ ಒಂದೇ ಹೆಗಲಿಗಿರಲಿ, ಸೊಂಟದ ಬೆಲ್ಟು ಬಿಚ್ಚಿರಲಿ. ಮುಳುಗಿದರೆ ಜಾಡಿಸಿ ಎಲ್ಲ ಕಳಚಬಹುದು. ಮನೋರಿಯಲ್ಲಿ ಆ ಮೂವರನ್ನು ಕೆಳಕ್ಕೆ ಎಳೆದದ್ದು ಬೆಲ್ಟಿಗೆ ಸಿಕ್ಕಿಸಿದ ಗುಂಡಿನ ಚೀಲಗಳೇ.

ಮೂಟೆಗೆ ಒಪ್ಪಿದರು. ಬೆಲ್ಟಿನ ಮಾತಿಗೆ ಅವರ ಮುಖ ಗಂಟಾಯಿತು. "ಪಟ್ಟಾ ಬಿಚ್ಚೂದು ಯಾವಾಗ ಗೊತ್ತೈತೇನ್ರಿ? ತಪ್ಪು ಮಾಡಿದವನ್ನ ಸಾಹೇಬರ ಮುಂದ ನಿಲ್ಲಸೂವಾಗ. ಟೋಪಿ ತಗೀತಾರ, ಪಟ್ಟಾ ಬಿಚ್ಚಸ್ತಾರ. ಲಡಾಯಿಗೆ ಹೊಂಟ ಹುಡುಗೂರಿಗೆ ಹಂಗ ಮಾಡಂದ್ರ ಹೆಂಗ್ರಿ?"

ಕೊನೆಗೆ ಅವರೇ, "ಆತು, ಹೇಳ್ತೀನಿ," ಎಂದು ಎದ್ದುಹೋದರು. ಆ ಎರಡು ದಿನ ಹಡಗಿನ ಹೊಟ್ಟೆಯಲ್ಲಿ ಸಾಲು ಕಟ್ಟಿ, ಬೆಲ್ಟು ಬಿಚ್ಚಿ ನಡೆಯುವ ಅಭ್ಯಾಸ ಮಾಡಿಸಿದೆವು. ಮಾಡಿದರು, ಆದರೆ ಒಬ್ಬನೂ ಇನ್ನೊಬ್ಬನ ಮುಖ ನೋಡಲಿಲ್ಲ.

ಮೂರನೆಯ ದಿನ ಬೆಳಕು ಹರಿಯುವ ಹೊತ್ತು. ಉಬ್ಬರ ಏರುತ್ತಿತ್ತು. ಎದುರಿಗೆ ತಗ್ಗಾದ ಮರಳಿನ ತೀರ, ಹಿಂದೆ ಗಾಳಿಮರದ ಸಾಲು. ಶತ್ರು ಆ ಮರಗಳ ಹಿಂದೆ ಇರಬಹುದೆಂದು ನಮಗೆ ಹೇಳಿದ್ದರು. ಇದ್ದಾರೆ ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಲಂಗರು ಬಿಟ್ಟೆವು. ಮೂತಿ ಮೆತ್ತಗೆ ಊರಿತು. ಬಾಗಿಲು ತೆರೆಯುವ ಮೊದಲು ಸೈನಿಕರ ಸಾಲಿನುದ್ದಕ್ಕೂ ಒಮ್ಮೆ ನಡೆದು ನೋಡಿದೆ. ನೂರಹದಿನೇಳು ಬೆಲ್ಟೂ ಬಿಗಿದಿದ್ದವು. ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ನಸುಕಿನಲ್ಲೇ ಎದ್ದು ಉಜ್ಜಿದ್ದರು. ಸಾಯಲೂಬಹುದಾದ ದಿನ ತಪ್ಪಿತಸ್ಥರ ಹಾಗೆ ಹೋಗಲು ಯಾರಿಗೆ ಮನಸ್ಸು ಬರುತ್ತದೆ?

ನೂರಹದಿನೆಂಟನೆಯದು ಸುಬೇದಾರರದ್ದು, ಅದೂ ಬಿಗಿದೇ ಇತ್ತು. ಅವರು ಸಾಲಿನ ಮುಂದೆ ಹೋಗಿ ನಿಂತು, ಎಲ್ಲರಿಗೂ ಕಾಣುವ ಹಾಗೆ ತಮ್ಮ ಬೆಲ್ಟು ಬಿಚ್ಚಿ, ಎರಡು ತುದಿಗಳನ್ನೂ ಇಳಿಬಿಟ್ಟರು. "ನನ್ನ ಮ್ಯಾಲೆ ಯಾವ ಖಟ್ಲೆ ಐತಿ, ಹೇಳ್ರೋ ಯಾರರೆ!" ಎಂದರು. ಆಮೇಲೆ ಸಾಲಿನ ಕೊನೆಯವರೆಗೂ ಹಿತ್ತಾಳೆಯ ಕೊಕ್ಕೆಗಳು ಬಿಚ್ಚಿಕೊಂಡ ಸದ್ದು ಕೇಳಿಸಿತು.

ರ‍್ಯಾಂಪ್ ಇಳಿಯಿತು. ಗಳದವನು ಇಳಿದು "ಮೂರಡಿ!" ಎಂದು ಕೂಗಿದ.

ನಾನು ಸೀಟಿ ಬಾಯಿಗಿಟ್ಟುಕೊಂಡು ಮುಂದೆ ನೋಡಿದೆ. ಬೆಳಕು ಇನ್ನೂ ಹಾಲು ಬೆರೆಸಿದ ಚಹಾದ ಹಾಗಿತ್ತು. ನಮ್ಮ ಎರಡೂ ಪಕ್ಕದಲ್ಲಿ ಅಲೆ ಬಿಳಿಯಾಗಿ ಒಡೆಯುತ್ತಿತ್ತು. ಮುಂದೆ ದಡದಲ್ಲೂ ಒಡೆಯುತ್ತಿತ್ತು. ನಡುವೆ ಒಂದು ಕಪ್ಪು ಪಟ್ಟಿ, ಗುಳ್ಳೆ ಸಹ ಇಲ್ಲ. ಗಳದವನ ಸೊಂಟಕ್ಕೆ ಹಗ್ಗ ಕಟ್ಟಿ ಮುಂದೆ ಕಳಿಸಿದೆ. ಮೊಣಕಾಲು ನೀರಿನಲ್ಲಿ ನಡೆದ, ನಡೆದ, ಆಮೇಲೆ ಈಜತೊಡಗಿದ. ಗಳವನ್ನು ನೆಟ್ಟಗೆ ಒತ್ತಿದ. ಹತ್ತಡಿಯ ಗಳ ಪೂರ್ತಿ ಒಳಗೆ ಹೋಗಿ ಅವನ ಮುಷ್ಟಿಯೂ ಮುಳುಗಿತು.

ಫೋನು ಕರ್ರೆಂದಿತು. ಕಪ್ತಾನರು ಉತ್ತರ ಭಾರತದವರು, ಸಿಟ್ಟು ಬಂದಾಗ ದನಿ ತಗ್ಗಿಸುವ ಮನುಷ್ಯ.

"ಸೀಟಿ ಯಾಕೆ ಕೇಳುತ್ತಿಲ್ಲ?"

"ಮುಂದೆ ಗುಂಡಿ ಇದೆ ಸರ್. ನಾವು ಇರುವುದು ದಿಣ್ಣೆಯ ಮೇಲೆ."

"ರ‍್ಯಾಂಪಿನ ತುದಿಯಲ್ಲಿ ಎಷ್ಟು?"

"ಮೂರಡಿ ಸರ್."

"ಹಾಗಾದರೆ ನಿಯಮದ ಪ್ರಕಾರ ಇಳಿಸಬಹುದು."

"ಇಳಿಸಬಹುದು ಸರ್. ನಾನು ಇಳಿಸುವುದಿಲ್ಲ."

ಹೀಗೆ ಹೇಳಿದ್ದು ನಾನೇ ಎಂದು ಇವತ್ತಿಗೂ ನಂಬಿಕೆ ಬರುವುದಿಲ್ಲ. ಧೈರ್ಯದಿಂದ ಹೇಳಿದ್ದಲ್ಲ, ತೇಲುತ್ತಿದ್ದ ಆ ಟೋಪಿ ಕಣ್ಣಿಗೆ ಕಟ್ಟಿತ್ತು. ಹಿಂದೆ ಸರಿದು ಮತ್ತೆ ದಡ ಹತ್ತುವುದೆಂದರೆ ಕಡಿಮೆಯೆಂದರೂ ಅರ್ಧ ಗಂಟೆ, ಪೂರ್ತಿ ಬೆಳಕಿನಲ್ಲಿ, ಗಾಳಿಮರಗಳ ಎದುರಿಗೆ. ನನ್ನ ಲೆಕ್ಕ ತಪ್ಪಿದರೆ ನೂರಹದಿನೆಂಟು ಜನರ ಜೊತೆ ನಮ್ಮ ಹಡಗಿನವರೂ ಹೋದ ಹಾಗೆ.

"ಎಲ್ಲಿ ಹತ್ತಿಸಬೇಕು ಅನ್ನುತ್ತೀ?"

ಬಲಕ್ಕೆ ಮುನ್ನೂರು ಗಜ ದೂರದಲ್ಲಿ ಮರಳಿನ ಮೇಲೆ ನಾಲ್ಕು ಮೀನುದೋಣಿಗಳು ಬೋರಲು ಬಿದ್ದಿದ್ದವು. ಅವುಗಳ ಎದುರಿಗೆ ಹೊರಗಿನ ಬಿಳಿ ಗೆರೆ ತುಂಡಾಗಿತ್ತು. ಅಲೆ ಒಂದೇ ಸಲ, ದಡದಲ್ಲೇ ಒಡೆಯುತ್ತಿತ್ತು. ಹೇಳಿದೆ.

"ಶುರು ಮಾಡು," ಎಂದರು ಕಪ್ತಾನರು.

ಶುರು ಮಾಡಿದರೆ ಹಡಗು ಬರಲೊಲ್ಲದು. ಗಳದವನನ್ನು ಹಗ್ಗದಿಂದ ಎಳೆದುಕೊಂಡು, ರ‍್ಯಾಂಪ್ ಎತ್ತಿ, ಇಂಜಿನ್ನನ್ನು ಪೂರ್ತಿ ಹಿಂದಕ್ಕೆ ಹಾಕಿ, ವಿಂಚ್ ಎಳೆದರೂ ಮೂತಿ ಮರಳು ಬಿಡಲಿಲ್ಲ. ಹಗ್ಗ ವೀಣೆಯ ತಂತಿಯ ಹಾಗೆ ಬಿಗಿದು ನೀರು ಹಿಂಡತೊಡಗಿತು. ಇನ್ನೊಂದು ನಿಮಿಷ ಎಳೆದರೆ ತುಂಡಾಗುತ್ತಿತ್ತು. ಉಬ್ಬರ ಏರಿ ತಾನೇ ಎತ್ತುವವರೆಗೆ ಕಾಯುವ ಹಾಗಿರಲಿಲ್ಲ. ಮೂತಿ ಹಗುರಾಗಬೇಕು. ಮೂತಿಯಲ್ಲಿ ಭಾರ ಏನಿದೆ? ತಿರುಗಿ ನೋಡಿದೆ. ಭಾರ ನನ್ನ ಬೆನ್ನ ಹಿಂದೆಯೇ ಬಂದೂಕು ಹಿಡಿದು ನಿಂತಿತ್ತು.

"ಸುಬೇದಾರ್ ಸಾಹೇಬ್ರೆ, ನಿಮ್ಮವರನ್ನೆಲ್ಲ ಹಿಂದಿನ ತುದಿಗೆ ನಡೆಸಿ. ಒಟ್ಟಿಗೆ, ಒಂದೇ ಸಲ!"

ಯಾಕೆ ಎಂದು ಅವರು ಕೇಳಲಿಲ್ಲ. ಹಡಗಿನ ಹೊಟ್ಟೆಯಲ್ಲಿ ನೂರಹದಿನೆಂಟು ಜನ, ಮೂಟೆ ಸಮೇತ, ಮುಂದಿನವನ ಹಿಮ್ಮಡಿ ನೋಡುತ್ತ, ಒಂದೇ ಹೆಜ್ಜೆಯಲ್ಲಿ ಹಿಂದಕ್ಕೆ ಹೋದರು. ನಮ್ಮ ನಾವಿಕರಿಗೆ ಹೇಳಿದ್ದರೆ ಅರ್ಧ ಜನ ದಾರಿ ಯಾವುದೆಂದು ವಾದ ಮಾಡುತ್ತಿದ್ದರು. ಕಬ್ಬಿಣದ ತಳ ಒಮ್ಮೆ ಕಿರ್ರೆಂದಿತು, ಮೂತಿ ಒಂದು ಗೇಣು ಎದ್ದಿತು, ಹಡಗು ಜಾರಿಕೊಂಡು ನೀರಿಗೆ ಬಂತು. ನಾನು ಯಾರನ್ನೋ ತಬ್ಬಿಕೊಂಡೆ. ವಿಂಚಿನವನೋ ಅಡುಗೆಯವನೋ ನೆನಪಿಲ್ಲ.

ಲಂಗರು ಎತ್ತಿ, ಬಲಕ್ಕೆ ಸರಿದು, ದೋಣಿಗಳ ಎದುರಿಗೆ ಮತ್ತೆ ಲಂಗರು ಬಿಟ್ಟು ಒಳಗೆ ಬಂದೆವು. ಅಷ್ಟರಲ್ಲಿ ಸೂರ್ಯ ಹುಟ್ಟಿದ್ದ, ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಮೂತಿ ಊರಿದ್ದು ದಡಕ್ಕೆ ಇಪ್ಪತ್ತು ಗಜದಲ್ಲಿ. ಗಳ ಮೂರಡಿ ಎಂದಿತು. ಈ ಸಲ ನಾನು ಗಳವನ್ನೂ ನಂಬಲಿಲ್ಲ, ಕಣ್ಣನ್ನೂ ನಂಬಲಿಲ್ಲ. ಫೋನನ್ನು ನಾವಿಕನ ಕೈಗೆ ಕೊಟ್ಟು, ಗಳ ಹಿಡಿದು ನಾನೇ ದಡದವರೆಗೆ ನಡೆದು ನೋಡಿದೆ. ಮಧ್ಯದಲ್ಲಿ ಒಂದು ಕಡೆ ಮಾತ್ರ ನೀರು ಎದೆಗೆ ಬಂತು. ವಾಪಸು ಬಂದು ಆ ಜಾಗದಲ್ಲೇ ಗಳ ಊರಿ ನಿಂತು, ಅಲ್ಲಿಂದಲೇ ಸೀಟಿ ಊದಿದೆ.

"ಮುಂದಿನವನ್ನ ನೋಡಬ್ಯಾಡ್ರಿ! ಸಾಹೇಬರನ್ನ ನೋಡ್ರಿ!" ಎಂದು ಸುಬೇದಾರರು ಕೂಗುತ್ತಲೇ ಇದ್ದರು.

ಒಬ್ಬೊಬ್ಬರೇ ಬಂದರು. ಕೆಲವರು ನನ್ನ ಹೆಗಲು ಹಿಡಿದರು, ಕೆಲವರು ಗಳ ಹಿಡಿದರು. ಒಬ್ಬ ಕಣ್ಣು ಮುಚ್ಚಿಕೊಂಡು ಯಾವುದೋ ದೇವರ ಹೆಸರು ಹೇಳುತ್ತ ದಾಟಿದ. ಮನೋರಿಯಲ್ಲಿ ಮುಳುಗಿದ್ದ ಆರಡಿ ಆಳು ಬಂದಾಗ ಅವನಿಗೆ ನೀರು ಹೊಟ್ಟೆ ದಾಟಲಿಲ್ಲ. ನನ್ನನ್ನು ಮೇಲಿನಿಂದ ನೋಡಿ ನಕ್ಕ. ಪ್ರತಿಯೊಬ್ಬ ದಾಟಿದಾಗಲೂ ಮನಸ್ಸಿನಲ್ಲಿ ಎಣಿಸಿದೆ. ಗಾಳಿಮರಗಳ ಕಡೆ ನೋಡಲು ಧೈರ್ಯವೂ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ. ನೂರಹದಿನೇಳಾದ ಮೇಲೆ ಸುಬೇದಾರರು ಬಂದರು.

"ನಿಮ್ಮ ಜಾಗಾ ಹಡಗಿನ್ಯಾಗ ಅಲ್ಲೇನ್ರಿ ಸಾಹೇಬ್ರ?"

"ನೀವು ದಡ ಹತ್ತುವವರೆಗೆ ಇಲ್ಲೇ."

ಅವರು ನನ್ನ ಹೆಗಲನ್ನು ಒಮ್ಮೆ ಗಟ್ಟಿಯಾಗಿ ಅದುಮಿ ಮುಂದೆ ಹೋದರು. ದಡದಲ್ಲಿ ಬೆಲ್ಟು ಬಿಗಿಸಿ, ಸಾಲು ಸರಿಮಾಡಿ, ಮರಗಳ ಕಡೆ ನಡೆಸಿಕೊಂಡು ಹೋದರು. ಆಮೇಲೆ ಅವರನ್ನು ನಾನು ನೋಡಿದ್ದಿಲ್ಲ.

ನಾವು ಹಿಂದೆ ಸರಿದು ಆಳದ ನೀರಿಗೆ ಬಂದು ಒಂದು ಗಂಟೆಯ ಮೇಲೆ ವೈರ್‌ಲೆಸ್‌ನಲ್ಲಿ ಸಂದೇಶ ಬಂತು. ಕಪ್ತಾನರು ಅದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟರು. ತೀರದಲ್ಲಿ ಶತ್ರುವಿನ ಸುಳಿವಿಲ್ಲ. ಮೂರು ದಿನದ ಹಿಂದೆಯೇ ಕಂದಕ ಬಿಟ್ಟು ಹೋಗಿದ್ದಾರೆ. ಊರಿನವರು ಎಳನೀರು ತಂದುಕೊಡುತ್ತಿದ್ದಾರೆ.

ಕಂಬಿ ಹಿಡಿದು ಕುಳಿತೆ. ಆ ಮರಗಳ ಹಿಂದೆ ಯಾರೂ ಇರಲಿಲ್ಲ. ಆ ಬೆಳಿಗ್ಗೆ ಆ ತೀರದಲ್ಲಿ ಒಬ್ಬನನ್ನಾದರೂ ಕೊಲ್ಲಬಲ್ಲದ್ದು ಆ ಗುಂಡಿ ಒಂದೇ. ಮೂರಡಿ ಎಂದಾಗ ಸೀಟಿ ಊದಿದ್ದರೆ ಯಾವ ವಿಚಾರಣೆಯೂ ನನ್ನ ಮೇಲೆ ತಪ್ಪು ಹೊರಿಸುತ್ತಿರಲಿಲ್ಲ. ಯುದ್ಧದಲ್ಲಿ ಮಡಿದರು ಎಂದು ಊರೂರಿಗೆ ತಂತಿ ಹೋಗುತ್ತಿತ್ತು, ಮನೆಯವರು ನಂಬುತ್ತಿದ್ದರು, ಮಕ್ಕಳು ಹೆಮ್ಮೆಪಡುತ್ತಿದ್ದರು. ನಿಜ ಗೊತ್ತಿರುತ್ತಿದ್ದದ್ದು ನನಗೆ.

ಕಪ್ತಾನರು ಚಹಾ ತರಿಸಿದರು. ಅದನ್ನು ಕುಡಿದು ಮುಗಿಸಿ, ಹಡಗಿನ ದಿನಚರಿ ಪುಸ್ತಕ ತೆರೆದು ಏನೋ ಬರೆದು, ನನ್ನ ಕಡೆ ತಿರುಗಿಸಿದರು. ಎರಡೇ ಸಾಲು ಇತ್ತು. ಸೈನಿಕರನ್ನು ಇಳಿಸಲಾಯಿತು, ಎಲ್ಲರೂ ಕ್ಷೇಮ. ಮೂವತ್ತೈದು ನಿಮಿಷ ವಿಳಂಬ, ಕಾರಣ ಮೂತಿಯಲ್ಲಿದ್ದ ಅಧಿಕಾರಿ.

"ಸರಿಯಾಗಿದೆಯಾ?" ಎಂದು ಕೇಳಿದರು. ಮುಖದಲ್ಲಿ ನಗುವಿರಲಿಲ್ಲ, ಆದರೆ ಪೆನ್ನನ್ನು ನನಗೆ ಚಾಚಿದ್ದರು.

"ಸರಿಯಾಗಿದೆ ಸರ್," ಎಂದೆ.

ಇಡೀ ನೌಕರಿಯಲ್ಲಿ ನನ್ನ ಮೇಲಿನ ದೂರಿಗೆ ನಾನು ಸಂತೋಷದಿಂದ ಸಹಿ ಹಾಕಿದ್ದು ಅದೊಂದೇ ಸಲ.